ಡಿಸೀವ್ ಅಲ್ಲ, ಮಿಸ್‌ಲೀಡ್

ಮುಂಬೈನ ಪವಾಯಿಯ ಒಂದು ಆಫೀಸಿನವರು ನನ್ನನ್ನು ಅನುವಾದಕ್ಕೆಂದು ಕರೆಸಿದ್ದರು. ಅಲ್ಲಿನ ಕ್ಯಾಂಟೀನಿನಲ್ಲಿ ಉಡುಪಿ ಕಡೆಯ ಶೀನಣ್ಣ ಅಡುಗೆಯವರು. ಚಟ್ನಿಯಲ್ಲಿ ಶೇಂಗಾ ಇಲ್ಲ ಎಂದು ಅವರು ಹೇಳಿದ್ದರು. ಶೇಂಗಾ ಮೈಗೆ ಒಗ್ಗದ ಹುಡುಗಿಯೊಬ್ಬಳು ಆ ಮಾತು ನಂಬಿ ತಿಂದು ಎರಡು ದಿನ ಆಸ್ಪತ್ರೆಯಲ್ಲಿದ್ದಳು. ಮ್ಯಾನೇಜರ್ ಮೇಡಂ ತಪ್ಪೊಪ್ಪಿಗೆಯ ಪತ್ರವನ್ನು ಇಂಗ್ಲಿಷಿನಲ್ಲಿ ಸಿದ್ಧ ಮಾಡಿಟ್ಟಿದ್ದರು. ಅದನ್ನು ಕನ್ನಡದಲ್ಲಿ ಓದಿ ಹೇಳಿ ಸಹಿ ಹಾಕಿಸುವುದಷ್ಟೇ ನನ್ನ ಕೆಲಸ.

'ಡಿಸೀವ್ಡ್' ಎಂಬ ಶಬ್ದ ಬಂದಾಗ ನಿಲ್ಲಿಸಿದೆ.

"ಶೀನಣ್ಣ, ಶೇಂಗಾ ಇದೆ ಅಂತ ಗೊತ್ತಿದ್ದೂ ಇಲ್ಲ ಅಂದ್ರಾ?"

"ಇಲ್ಲ ಮೇಡಂ. ದಿನಾ ಬರೀ ಕಾಯಿ ಚಟ್ನಿ. ಆವತ್ತು ರುಬ್ಬಿದ್ದು ಬೇರೆಯವರು. ನಾನು ಕೇಳದೆ ಹೇಳಿಬಿಟ್ಟೆ. ಅದು ನನ್ನದೇ ತಪ್ಪು."

ಪತ್ರವನ್ನು ಮ್ಯಾನೇಜರ್ ಕಡೆ ಸರಿಸಿದೆ. "ಈ ಶಬ್ದ ತೆಗೆದು 'ಮಿಸ್‌ಲೆಡ್' ಎಂದು ಹಾಕಿ."

"ಎರಡೂ ಒಂದೇ ಅಲ್ಲವೇ?" ಎಂದು ಅವರು ಹಿಂದಿಯಲ್ಲಿ ಕೇಳಿದರು.

"ಅಲ್ಲ. ಡಿಸೀವ್ ಅಂದರೆ ಬೇಕೆಂದೇ ಮೋಸ ಮಾಡುವುದು. ಮಿಸ್‌ಲೀಡ್ ಗೊತ್ತಿಲ್ಲದೆಯೂ ಆಗಬಹುದು. ಇವರು ಮಾಡದ ಮೋಸಕ್ಕೆ ನಾನು ಸಹಿ ಹಾಕಿಸುವುದಿಲ್ಲ."

ಅವರು ಫೋನಿನಲ್ಲಿ ನಿಘಂಟು ನೋಡಿದರು. ಆಮೇಲೆ ಪತ್ರ ತಿದ್ದಿಸಿದರು. ಶೀನಣ್ಣ ಸಹಿ ಹಾಕಿ, ಆ ಹುಡುಗಿಯ ಹತ್ತಿರ ಹೋಗಿ ಕ್ಷಮೆ ಕೇಳಿದರು. ಅವರ ಕೆಲಸ ಉಳಿಯಿತು.

ಮೊನ್ನೆ ಆ ಮ್ಯಾನೇಜರ್ ಅಂಧೇರಿಯಲ್ಲಿ ಸಿಕ್ಕಿದ್ದರು. ಈಗ ಅವರ ಆಫೀಸಿನಲ್ಲಿ ಸಿಕ್ಕಿಬಿದ್ದವರೆಲ್ಲ 'ಮಿಸ್‌ಲೆಡ್' ಎಂದೇ ಬರೆದುಕೊಡುತ್ತಾರಂತೆ. ಡಿಸೀವ್ ಮಾಡುವವರು ಒಬ್ಬರೂ ಉಳಿದಿಲ್ಲವಂತೆ.