‘ಸಾಕು’ ಅಂದರೂ ಬಿಡಬೇಡಿ

ಚಾಮುಂಡಿಬೆಟ್ಟ ಇನ್ನೂ ಮಂಜಿನ ಮುಸುಕು ಹೊದ್ದು ಮಲಗಿದೆ. ಸಿದ್ಧಾರ್ಥನಗರದ ಆಚೆಯ ಕವಾಯತು ಮೈದಾನಕ್ಕೆ ಮಾಸಲು ಸ್ವೆಟರಿನ ಹಿರಿಯರೊಬ್ಬರು ಕುಂಟುತ್ತ ಬರುತ್ತಾರೆ. ಸಾಲಾಗಿ ನಿಂತ ಹೊಸ ಪೊಲೀಸರ ಪೈಕಿ ಸಿಂಚನ ಎಂಬ ಯುವತಿಯ ಮುಂದೆ ನಿಂತು ಚೀಟಿಯೊಂದನ್ನು ಚಾಚುತ್ತಾರೆ. “ಕಣ್ಣು ಮಂಜು ಕಣವ್ವ. ಈ ಯಾದವಗಿರಿ ಅಡ್ರೆಸ್ಸು ವಸಿ ಓದ್ಬುಡು.”

ಸಿಂಚನ ಬಗ್ಗುವಷ್ಟರಲ್ಲಿ ಚೀಟಿಯ ಮರೆಯಿಂದ ಚಾಕು ಬರುತ್ತದೆ. ಹುಡುಗಿ ಚುರುಕು. ಎರಡೂ ಕೈಯಲ್ಲಿ ಮಣಿಕಟ್ಟು ಹಿಡಿದು ತಿರುಚುತ್ತಾರೆ. “ಅಯ್ಯಯ್ಯೋ! ಸಾಕು, ಸಾಕು ಕಣವ್ವ!” ಎಂದು ಹಿರಿಯರು ಚೀರುತ್ತಾರೆ. ಸಿಂಚನ ಹಿಡಿತ ಸಡಿಲಿಸುತ್ತಾರೆ. ಮರುಕ್ಷಣ ಅವರ ಕತ್ತಿನ ಮೇಲೆ ಕೆಂಪು ಗೆರೆ.

“ಸತ್ತೋದ್ರಿ,” ಅನ್ನುತ್ತಾರೆ ಹಿರಿಯರು, ನೆಟ್ಟಗೆ ನಿಂತು. ಈಗ ಕಾಲು ಕುಂಟೂ ಇಲ್ಲ, ಕಣ್ಣು ಮಂಜೂ ಇಲ್ಲ. “ಬದ್ನೆಕಾಯಿ ಅಂದ್ನಾ ನಾನು?”

“ಇಲ್ಲ ಸರ್. ನಿಮಗೆ ನೋವಾಯ್ತೇನೋ ಅಂತ…”

“ನೋವಾಗ್ಲಿ ಅಂತ್ಲೇ ಅಲ್ವಾ ಇಡ್ಕಂಡಿದ್ದು? ನಡೀರಿ, ಇನ್ನೊಂದ್ಸಲ.”

ಇವರು ಜವರಯ್ಯ. ಹುದ್ದೆಯಲ್ಲಿ ಹೆಡ್ ಕಾನ್‌ಸ್ಟೇಬಲ್, ಬಾಯಿಮಾತಿನಲ್ಲಿ ದಫೇದಾರ್ರು, ಕೆಲಸದಲ್ಲಿ ಕೊಲೆಗಾರರು. ಮೈಮೇಲೆ ಬೀಳುವ ಚಾಕುವಿನಿಂದ ಬದುಕಿಕೊಳ್ಳುವುದು ಹೇಗೆಂದು ಪೊಲೀಸರಿಗೆ ಕಲಿಸುವುದಕ್ಕಾಗಿ, ದಿನವೂ ತಾವೇ ಮೇಲೆ ಬೀಳುತ್ತಾರೆ. ಚಾಕು ಮರದ್ದು. ಅಲಗಿಗೆ ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಕುಂಕುಮ. ಎಲ್ಲಿ ಕೆಂಪಾಯಿತೋ ಅಲ್ಲಿ ಗಾಯವೆಂದು ಲೆಕ್ಕ. “ನಮ್ಮನೇಲಿ ದೇವ್ರಿಗಿಂತ ಜಾಸ್ತಿ ಕುಂಕುಮ ಪೊಲೀಸ್ನೋರ್ಗೇ ಆಯ್ತದೆ,” ಎಂದು ಪತ್ನಿ ಚೆಲುವಮ್ಮ ಆಡಿಕೊಳ್ಳುತ್ತಾರೆ.

ತಿ. ನರಸೀಪುರದ ಕಡೆಯ ಊರಿನ ಜವರಯ್ಯನವರಿಗೆ ಅಲ್ಲಿಯ ನಾಟಕಗಳಲ್ಲೂ ಸಿಗುತ್ತಿದ್ದುದು ರಾಕ್ಷಸನ ಪಾತ್ರವೇ. ಖಾಕಿ ತೊಟ್ಟ ಮೇಲಾದರೂ ಬಡ್ತಿ ಸಿಕ್ಕೀತೆಂದರೆ, ತರಬೇತಿಯಲ್ಲಿ ಕಳ್ಳನಾಗಲು ಬೇರೆ ಯಾರೂ ಒಪ್ಪಲಿಲ್ಲ. ಇವರು ಒಪ್ಪಿದರು. ಕುಡುಕ, ಸಾಲಗಾರ, ಅಳುಬುರುಕ ಅಳಿಯ, “ಸಾರ್ ನಾನು ಯಾರ್ ಗೊತ್ತಾ” ಎನ್ನುವ ಕಾರಿನ ಮಾಲೀಕ, ಎಲ್ಲರೂ ಇವರ ಗಂಟಲಿನಲ್ಲಿ ಬಾಡಿಗೆಗಿದ್ದಾರೆ. ತಿರುಚಿಸಿಕೊಂಡು ತಿರುಚಿಸಿಕೊಂಡು ಬಲ ಮಣಿಕಟ್ಟು ಊದಿದೆ. ಮುದ್ದೆ ಮುರಿಯುವುದೂ ಈಗ ಎಡಗೈಯಲ್ಲೇ.

ಹಿಡಿತ ನಿಜವಾದ್ದು, ನೋವೂ ನಿಜವಾದ್ದು. ಹಾಗಾಗಿ ಮೂಳೆ ಮುರಿಯುವ ಮೊದಲು ಬಿಡಿಸಲು ಒಂದು ಮಾತು ಬೇಕು. ಬಹಳ ವರ್ಷ ಆ ಮಾತು ‘ಸಾಕು’ ಎಂದಿತ್ತು. ಜವರಯ್ಯ ಸಾಕು ಎಂದರೆ ಹಿಡಿದವರು ಬಿಡಬೇಕು. ಆ ಪದವನ್ನು ಈ ಮೈದಾನದಲ್ಲಿ ಸಾಕಿ ಬೆಳೆಸಿದವರು ಅವರೇ. ತಂಡದ ಮೇಲೆ ತಂಡ ಬಂತು. ಸಾಕು ಎಂದೊಡನೆ ಬೆರಳುಗಳು ತಾವಾಗಿ ಬಿಚ್ಚಿಕೊಳ್ಳುವಷ್ಟು ಪಾಠ ಪಕ್ಕಾ ಆಯಿತು.

ಆ ಪಾಠವನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತವರು ಚಂದ್ರು. ಮೂರು ವರ್ಷದ ಹಿಂದೆ ಮಂಡಿ ಮೊಹಲ್ಲಾದ ಗೋದಾಮೊಂದರ ಮುಂದೆ ಲಾರಿ ನಿಲ್ಲಿಸುವ ವಿಚಾರಕ್ಕೆ ಜಗಳ. ಬಿಡಿಸಲು ಹೋದ ಚಂದ್ರು ಅವರ ಮೇಲೆ ಒಬ್ಬ ಚಾಕು ಬೀಸಿದ. ಅವರು ಕಲಿತಂತೆಯೇ ಮಣಿಕಟ್ಟು ಹಿಡಿದರು, ಕಲಿತಂತೆಯೇ ತಿರುಚಿದರು. ಅವನು ನೋವಿಗೆ “ಸಾಕು ಸಾಕು!” ಎಂದು ಕೂಗಿಕೊಂಡ. ಕಲಿತಂತೆಯೇ ಬಿಟ್ಟರು.

ಚಾಕುವಿಗೂ ಸಾಕುವಿಗೂ ಒಂದೇ ಅಕ್ಷರದ ಅಂತರ. ಆ ಒಂದಕ್ಷರದಲ್ಲಿ ಚಂದ್ರು ಅವರ ಬಲಗೈ ಸೀಳಿತು. ಎರಡು ಬೆರಳು ಇಂದಿಗೂ ಮಡಚುವುದಿಲ್ಲ.

ಈಗ ಅವರು ಠಾಣೆಯಲ್ಲಿ ವೈರ್‌ಲೆಸ್ ಮುಂದೆ ಕೂರುತ್ತಾರೆ. “ಬಿಡ್ತಾ ಇದೀನಿ ಅಂತ್ಲೇ ಗೊತ್ತಾಗ್ಲಿಲ್ಲ ಕಣ್ರೀ. ಮೇಷ್ಟ್ರ ಮುಂದೆ ಪಾಠ ಒಪ್ಪಿಸ್ದಂಗೆ ಒಪ್ಪಿಸ್ಬುಟ್ಟೆ,” ಎಂದು ನಗುತ್ತಾರೆ. “ಈಗ ಬದ್ನೆಕಾಯಿ ಅಂದ್ರೆ ಬಿಡ್ಬೇಕಂತೆ? ನಮ್ ಬ್ಯಾಚಿಗೆ ತರಕಾರಿ ಭಾಗ್ಯ ಇರ್ಲಿಲ್ಲ ನೋಡಿ.”

ಹೌದು, ಘಟನೆಯ ನಂತರ ಜವರಯ್ಯ ಬಿಡಿಸುವ ಮಾತನ್ನೇ ಬದಲಿಸಿದರು. ಬೀದಿಯಲ್ಲಿ ಚಾಕು ಹಿಡಿದವನು ನೋವಿಗೆ ಅಮ್ಮಾ ಅಂದಾನು, ದೇವರೇ ಅಂದಾನು, ತಪ್ಪಾಯ್ತು ಅಂದಾನು. ಬದನೆಕಾಯಿ ಅನ್ನಲಾರ. ಮೊದಲ ದಿನ ಇಡೀ ಮೈದಾನ ನಕ್ಕಿತು. ಎಲೆಮರೆಯ ಕಾಯಿ ಯಾವುದೆಂದು ಅಂದೇ ಗೊತ್ತಾಯಿತೆಂದು ತಮಾಷೆ ಮಾಡಿದವರೂ ಉಂಟು. ಜವರಯ್ಯ ನಗಲಿಲ್ಲ.

“ಈ ಬುದ್ಧಿ ಮುಂಚೆ ಬರ್ಬೋದಿತ್ತು,” ಎನ್ನುತ್ತಾರೆ, ಅಲಗಿನ ಕುಂಕುಮ ಒರೆಸುತ್ತ. “ಚಂದ್ರು ದಡ್ಡ ಆಗಿದ್ರೆ ಬಚಾವಾಗ್ತಿದ್ದ. ಯೋಳ್ಕೊಟ್ಟಿದ್ದನ್ನ ಅಂಗೇ ಕಲ್ತ. ಅದೇ ಅವ್ನಿಗೆ ಮುಳುವಾಯ್ತು.”

ಬರುವ ವರ್ಷ ಅವರ ನಿವೃತ್ತಿ. ಅಷ್ಟರೊಳಗೆ ಚಂದ್ರು ಒಮ್ಮೆ ಮೈದಾನಕ್ಕೆ ಬರಬೇಕೆಂಬುದು ಅವರ ಆಸೆ. ಹಬ್ಬಕ್ಕೆ ಕರೆದಿದ್ದಾರೆ, ತಂಡದ ಕೊನೆಯ ದಿನಕ್ಕೆ ಕರೆದಿದ್ದಾರೆ. ಪ್ರತಿ ಸಲವೂ ಚಂದ್ರು “ಬತ್ತೀನಿ ಬುಡಣ್ಣ” ಎನ್ನುತ್ತಾರೆ, ಬರುವುದಿಲ್ಲ. ಯಾಕೆಂದು ಕೇಳಿದರೆ ನಗು ನಿಲ್ಲುತ್ತದೆ. “ಜವರಣ್ಣನ ಮೇಲೆ ನಂಗೇನೂ ಕೋಪ ಇಲ್ಲ. ಆದ್ರೆ ಹೋದ್ರೆ ಅವ್ರು ನನ್ ಮುಖ ನೋಡಲ್ಲ, ಕೈಯೇ ನೋಡ್ತಾರೆ. ಅದನ್ನ ನೋಡಕ್ಕಾಗಲ್ಲ ನಂಗೆ.”

ಮೈದಾನದಲ್ಲಿ ಬಿಸಿಲೇರಿದೆ. ಜವರಯ್ಯ ಈಗ ಕುಡುಕನಾಗಿ ತೂರಾಡುತ್ತ ಬಂದು ಸಿಂಚನ ಅವರ ಮೇಲೆ ಬೀಳುತ್ತಾರೆ. ಮಣಿಕಟ್ಟು ಸಿಕ್ಕಿದೆ. “ಸಾಕು! ಅಮ್ಮಾ! ಮಕ್ಕಳೊಂದಿಗ ಕಣವ್ವ ನಾನು, ಬುಟ್ಬುಡು!” ದನಿ ಎಷ್ಟು ನಿಜವೆಂದರೆ ಸಾಲಿನಲ್ಲಿದ್ದ ಒಬ್ಬಿಬ್ಬರು ಮುಂದೆ ಬರುತ್ತಾರೆ. ಸಿಂಚನ ಹಲ್ಲು ಕಚ್ಚಿ ಕಣ್ಣು ಮುಚ್ಚಿಕೊಳ್ಳುತ್ತಾರೆ, ಬಿಡುವುದಿಲ್ಲ. ಚಾಕು ನೆಲಕ್ಕೆ ಬೀಳುತ್ತದೆ. ಆಮೇಲೆ ಸಣ್ಣ ದನಿಯಲ್ಲಿ, “ಬದ್ನೆಕಾಯಿ.”

ಜವರಯ್ಯ ಕೈ ನೀವಿಕೊಳ್ಳುತ್ತ ಬಂದು ಕಲ್ಲುಬೆಂಚಿನ ಮೇಲೆ ಕೂರುತ್ತಾರೆ. ನಿವೃತ್ತಿಯ ದಿನ ಏನು ಬೇಕು ಎಂದರೆ ಹಾರ, ಶಾಲು ಯಾವುದೂ ಬೇಡವಂತೆ.

“ಚಂದ್ರು ಬರ್ಲಿ. ಒಂದೇ ಒಂದ್ಸಲ ನನ್ ಕೈ ಇಡೀಲಿ. ನಾನು ಸಾಕು ಸಾಕು ಅಂತ ಬಡ್ಕೋತೀನಿ, ಅವ್ನು ಬುಡಬಾರ್ದು.”

ಚಂದ್ರು ಅವರ ಬೆರಳು ಮಡಚುವುದಿಲ್ಲವಲ್ಲ?

ಜವರಯ್ಯ ಊದಿದ ಮಣಿಕಟ್ಟನ್ನು ನೋಡಿಕೊಳ್ಳುತ್ತಾರೆ.

“ಮಿಕ್ಕಿದ್ ಬೆರಳಲ್ಲೇ ಇಡೀಲಿ. ನಾನು ಬುಡಿಸ್ಕೊಳಲ್ಲ.”