ಎಲ್ಲ ಬಾಗಿಲೂ ತೆರೆದಿದ್ದ ಮನೆ

ನಾನು ಮೊದಲಿನಿಂದಲೂ ಪುಕ್ಕಲಿ. ಧಾರವಾಡದ ಕಡೆಯ ಮಿಶನ್ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಕಲಿತವಳನ್ನು ಹಳೇಬೀಡಿಗೆ ಕಳಿಸುತ್ತೇವೆ ಅಂದಾಗ ಹೆದರಿಬಿಟ್ಟೆ. ರಾಜ್ಯಗಳು ಆಗಿನ್ನೂ ಒಂದಾಗಿರಲಿಲ್ಲ. ನಮ್ಮದು ಮುಂಬಯಿ, ಅವರದು ಮೈಸೂರು. ನನ್ನ ಪಾಲಿಗೆ ಅದು ಪರದೇಶವೇ.

ಅರಸೀಕೆರೆಯಲ್ಲಿ ರೈಲಿಳಿದು ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಯಾರ ಮನೆಗವ್ವ?" ಎಂದು ಕೇಳಿದಳು. ಮಿಶನ್ ಮನೆಗೆ ಎಂದೆ. ಮಡಿಲಲ್ಲಿದ್ದ ಮಗುವನ್ನು ಆಚೆ ತೊಡೆಗೆ ಸರಿಸಿಕೊಂಡಳು. ಊರು ಬರುವವರೆಗೂ ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಇದ್ದೆ.

ಕೆರೆಯ ಹತ್ತಿರ ಎರಡು ಕೋಣೆಯ ಮನೆ. ಮುಂದಿನ ಕೋಣೆಯೇ ದವಾಖಾನೆ. ಬೇಲೂರಿನಿಂದ ಬಂದು ಬೀಗದ ಕೈ ಕೊಟ್ಟ ಪಾದ್ರಿಗಳು, "ಮೊದಲ ಹೆರಿಗೆ ಸುಸೂತ್ರವಾದರೆ ನಿನ್ನನ್ನು ಕರೆಯುತ್ತಾರೆ. ಕೆಟ್ಟರೆ ಗಂಟುಮೂಟೆ ಕಟ್ಟುವುದೇ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಬೀದಿಯಲ್ಲಿ ಹೋದರೆ ಮಾತಾಡುತ್ತಿದ್ದವರು ಸುಮ್ಮನಾಗುತ್ತಿದ್ದರು. ಮನೆಗೆ ಬಂದು ಅಗಳಿ ಹಾಕಿಕೊಂಡು ಕೂತುಬಿಡುತ್ತಿದ್ದೆ.

ಒಂದು ಮಧ್ಯಾಹ್ನ ರೈತನೊಬ್ಬ ಬಂದ. "ಮಗಳಿಗೆ ಬೆಳಗಿಂದ ನೋವು. ಚೊಚ್ಚಲು. ಸೂಲಗಿತ್ತಿ ಕೈ ಚೆಲ್ಲಿ ಕುಂತವ್ಳೆ. ಬನ್ರವ್ವ."

ಅವನ ಮನೆ ಮುಂದೆ ನನ್ನ ಕಾಲು ನಿಂತೇಹೋಯಿತು. ಬಾಗಿಲುಗಳೆಲ್ಲ ಹಾರುಹೊಡೆದಿದ್ದವು. ಟ್ರಂಕು ತೆರೆದಿತ್ತು, ರಾಗಿ ವಾಡೆಗೂ ಮುಚ್ಚಳವಿರಲಿಲ್ಲ. ಹಗ್ಗ ಬಿಚ್ಚಿದ ಹಸು ಅಂಗಳದಲ್ಲಿತ್ತು. ಪಡಸಾಲೆಯ ಹೆಂಗಸರೆಲ್ಲ ತಲೆಗೂದಲು ಬಿಚ್ಚಿಕೊಂಡು ಕೂತಿದ್ದರು. ಹಾಗೆ ಕೂತದ್ದನ್ನು ನಾನು ಸಾವಿನ ಮನೆಯಲ್ಲಿ ಮಾತ್ರ ನೋಡಿದ್ದೆ. ಹುಡುಗಿ ಹೋಗಿಬಿಟ್ಟಳು ಅಂದುಕೊಂಡೆ. ಅಷ್ಟರಲ್ಲಿ ಒಳಗಿಂದ ನರಳುವ ಸದ್ದು ಕೇಳಿ ಜೀವ ಬಂತು.

ಹುಡುಗಿಯ ತಾಯಿ ಹೊಸ್ತಿಲಲ್ಲೇ ಅಡ್ಡ ನಿಂತಳು. "ತಲೆ ಬಿಚ್ಚವ್ವ. ಮನೇಲಿ ಒಂದು ಗಂಟಿದ್ರೂ ಕೂಸು ಹೊರಕ್ಕೆ ಬರಾಕಿಲ್ಲ. ಕೈಲಿರೋ ಔಷಧಿ ಪೆಟ್ಟಿಗೆ ಬೀಗಾನೂ ತೆಗಿ."

ಆಗ ತಿಳಿಯಿತು, ಮನೆ ಯಾಕೆ ಹಾಗಿದೆ ಎಂದು. ಹೆರಿಗೆ ಕೋಣೆಯಲ್ಲಿ ಒಂದು ಕೂದಲು ತಲೆಬಟ್ಟೆಯಿಂದ ಹೊರಗಿದ್ದರೂ ಬೈಸಿಕೊಂಡು ಕಲಿತವಳು ನಾನು. ಇದನ್ನೆಲ್ಲ ನಂಬುವುದು ಪಾಪವೆಂದೂ ಕಲಿತಿದ್ದೆ. ಆದರೆ ಆಕೆಯ ಮುಖದಲ್ಲಿ ನನ್ನದೇ ಹೆದರಿಕೆ ಕಂಡಿತು. ತುರುಬು ಬಿಚ್ಚಿ, ಕೂದಲನ್ನು ಗಂಟಿಲ್ಲದೆ ತಲೆಬಟ್ಟೆಯೊಳಗೆ ತುರುಕಿದೆ. ಸೆರಗಿಗೆ ಕಟ್ಟಿದ್ದ ಬೀಗದ ಕೈ ಬಿಚ್ಚಿ ಪೆಟ್ಟಿಗೆ ತೆಗೆದೆ. ಆಕೆ ದಾರಿ ಬಿಟ್ಟಳು.

ಬಿಸಿನೀರಲ್ಲಿ ಕೈ ತೊಳೆದು ಕೂತೆ. ಬಹಳ ಹೊತ್ತಿನ ಮೇಲೆ ತಲೆ ಕಂಡಿತು. ಕುತ್ತಿಗೆಗೆ ಹೊಕ್ಕುಳಬಳ್ಳಿ ಸುತ್ತಿತ್ತು. ಬೆರಳು ತೂರಿಸಿ ಮೆಲ್ಲಗೆ ತಲೆಯ ಮೇಲಿಂದ ಜಾರಿಸಿದೆ. ಮಗು ಬಂತು, ನೀಲಿಗಟ್ಟಿತ್ತು, ಅಳಲಿಲ್ಲ. ಬಾಯಿ ಒರೆಸಿದೆ, ಬೆನ್ನು ತಿಕ್ಕಿದೆ, ಅಂಗಾಲಿಗೆ ತಟ್ಟಿದೆ. ನಾನು ನನ್ನ ದೇವರನ್ನು ಕರೆಯುತ್ತಿದ್ದೆ, ಹುಡುಗಿಯ ತಾಯಿ ತನ್ನ ದೇವರನ್ನು. ಕೊನೆಗೆ ಮಗು ಒಂದು ಸಲ ಸೀನಿ, ಕಿರ್ರೆಂದು ಅತ್ತಿತು.

ದಾರ ಕೈಗೆತ್ತಿಕೊಂಡವಳು ಹಾಗೇ ನಿಂತೆ. ಹುಡುಗಿಗೆ ಕಸ, ಅಂದರೆ ಮಾಸು, ಇನ್ನೂ ಬಿದ್ದಿರಲಿಲ್ಲ. ಅದು ಬೀಳುವ ತನಕ ಆ ಮನೆಯಲ್ಲಿ ಗಂಟು ಕೂಡದು.

"ಈಗ ಬಳ್ಳಿಗೆ ಗಂಟು ಹಾಕಬೇಕ್ರೀ ಯವ್ವಾ. ಹಾಕದೆ ಕೊಯ್ದರ ಕೂಸಿನ ರಕ್ತ ಹೋಗತೈತ್ರೀ" ಎಂದೆ.

ಆಕೆ ಮಗಳನ್ನು ನೋಡಿದಳು, ಕೂಸನ್ನು ನೋಡಿದಳು. ಬೇಡ ಅಂದರೆ ಏನು ಮಾಡಲಿ ಎಂದು ದಾರ ಹಿಡಿದುಕೊಂಡೇ ಕಾದೆ. ಆಕೆ ಕಣ್ಣು ಮುಚ್ಚಿಕೊಂಡು, "ಹಾಕವ್ವ" ಎಂದಳು.

ಹಾಕಿದೆ, ಕೊಯ್ದೆ. ಸ್ವಲ್ಪ ಹೊತ್ತಿಗೆ ಕಸವೂ ಪೂರ್ತಿ ಬಿತ್ತು. ಆಕೆ ಮಗಳ ಕೂದಲು ಬಾಚಿ ಕಟ್ಟಿದಳು. ಆಮೇಲೆ ನನ್ನ ಬೆನ್ನ ಹಿಂದೆ ಬಂದು ಕೂತು, ನನ್ನ ತಲೆಯ ಬಟ್ಟೆ ತೆಗೆದು, ಕೂದಲನ್ನು ಒಟ್ಟುಮಾಡಿ ತುರುಬು ಕಟ್ಟಿದಳು.