ಹನಮವ್ವ ಕೆರೆಗೆ ಎಣ್ಣೆ ಹೊಡೆಸಿದ್ದು

ಕನ್ನೊಳ್ಳಿಯ ಹನಮವ್ವನಿಗೆ ಅರವತ್ತು ದಾಟಿದರೂ ದನಿ ಇಳಿದಿರಲಿಲ್ಲ. ಆ ವರ್ಷ ಅಂತರಗಂಗೆ ಎಂಬ ಕಳೆ ಹಬ್ಬಿ ಕೆರೆಯೆಲ್ಲ ಹಸಿರು ಹೊಲದಂತಾಯಿತು. ಮಗ ಮಾಳಿಂಗ ಬಲೆ ಬೀಸಿದರೆ ಅದು ನೀರಿಗಿಳಿಯದೆ, ಒಣಹಾಕಿದ ಸೀರೆಯಂತೆ ಕಳೆಯ ಮೇಲೆ ಕೂಡುತ್ತಿತ್ತು. ಹೊಲವೆಂದೇ ತಿಳಿದು ಒಂದು ಆಡು ಒಳಗೆ ಹಾರಿತು. ಹನಮವ್ವ ಸಿಂದಗಿಯ ಸಣ್ಣ ನೀರಾವರಿ ಕಚೇರಿಗೆ ಆರು ಸಲ ಹೋದಳು. ಆರನೆಯ ಸಲ ಅವಳ ದನಿ ತಾಳಲಾರದೆ ಇಂಜಿನಿಯರ್ ಗುರುರಾಜರು, ಊರವರು ಎಣ್ಣೆ ಎನ್ನುವ ಕಳೆನಾಶಕ ಮಂಜೂರು ಮಾಡಿದರು.

ಗುರುರಾಜರು, ಮೀನು ಹಾಗಿರಲಿ, ಊಟಕ್ಕೆ ಉಳ್ಳಾಗಡ್ಡಿಯನ್ನೂ ಮುಟ್ಟದ ಮನೆತನದವರು.

"ಈ ಔಷಧ ಮೀನಿಗೆ ಏನೂ ಮಾಡೂದಿಲ್ಲ," ಎಂದರು.

"ಹಂಗಾದ್ರ ಎಣ್ಣಿ ಒಮ್ಮೆಲೆ ಪೂರಾ ಹೊಡಸ್ರಿ ಸಾಹೇಬ್ರ. ಅರ್ಧಾ ಹೊಡದ್ರ ಮತ್ತ ಹಬ್ಬತೈತಿ."

ಸ್ವಲ್ಪ ಸ್ವಲ್ಪವಾಗಿ ಹೊಡೆಯಿರಿ ಎಂದು ಡಬ್ಬಿಯ ಮೇಲೆ ಇರುವೆಯಂಥ ಅಕ್ಷರಗಳಲ್ಲಿ ಬರೆದಿತ್ತು. ಗುರುರಾಜರು ಓದಲಿಲ್ಲ, ಹನಮವ್ವನಿಗೆ ಓದು ಬರುತ್ತಿರಲಿಲ್ಲ.

ಒಂದೇ ದಿನಕ್ಕೆ ಕೆರೆಯೆಲ್ಲ ಹೊಡೆದರು. ಹತ್ತು ದಿನಕ್ಕೆ ಕಳೆ ಕಂದಿ ಮುಳುಗಿತು. ಹನ್ನೊಂದನೆಯ ಬೆಳಿಗ್ಗೆ ನೋಡಿದರೆ ನೂರಾರು ಮೀನು ನೀರಿನಿಂದ ಮೂತಿ ಎತ್ತಿ ಬಾಯಿ ಬಾಯಿ ಬಿಡುತ್ತಿವೆ. ಊರವರು ಬುಟ್ಟಿ ಹಿಡಿದು ಓಡಿಬಂದರು.

"ಯವ್ವಾ, ಮೀನು ತಾವಾಗೇ ಬಂದಾವು," ಎಂದ ಮಾಳಿಂಗ.

"ಅವಕ್ಕ ಉಸಿರು ಸಿಗವಲ್ದು, ಖೋಡಿ. ಕಳೆ ಕೊಳತು ನೀರಾಗಿನ ಉಸಿರೆಲ್ಲ ತಿಂದೈತಿ."

ಹೇಳುತ್ತಲೇ ಹನಮವ್ವ ಸೆರಗು ಕಟ್ಟಿ ನೀರಿಗಿಳಿದಳು. ಕಾಡಿ ಬೇಡಿ ಹೊಡೆಸಿದ್ದು ತಾನೇ ಅಲ್ಲವೇ.

ಗುರುರಾಜರಿಗೆ ಫೋನು ಹೋಯಿತು. ಅವರು ಬಂದಾಗ, ನೀರಿಗೆ ಗಾಳಿ ಬೆರೆಯಲೆಂದು ಮೂರು ಡೀಸೆಲ್ ಪಂಪು ಕೆರೆಯ ನೀರನ್ನು ಎತ್ತಿ ಮೇಲಿನಿಂದ ಕೆರೆಗೇ ಸುರಿಯುತ್ತಿದ್ದವು. ಬುಟ್ಟಿ ತಂದಿದ್ದ ಜನರೇ ಹನಮವ್ವನ ದನಿಗೆ ಅಂಜಿ ಕೊಳೆತ ಕಳೆ ಎಳೆಯುತ್ತಿದ್ದರು.

"ಪ್ಯಾಂಟು ಮಡಚ್ರಿ," ಎಂದಳು ಹನಮವ್ವ.

ಮಡಚಿದರು. ಪಂಪಿನ ಕಡೆ ಒಯ್ದು ಬಿಡಿರೆಂದು ಅವಳು ದೊಡ್ಡ ಕಟ್ಲಾ ಮೀನೊಂದನ್ನು ಅವರ ಕೈಗಿಟ್ಟಳು. ಕೃಷ್ಣಾ ಕೃಷ್ಣಾ ಎನ್ನುತ್ತ, ಕಣ್ಣು ಮುಚ್ಚಿ, ಉಚ್ಚೆ ಹೊಯ್ದ ಕೂಸನ್ನು ಎತ್ತಿದವರಂತೆ ಮೈಯಿಂದ ದೂರ ಹಿಡಿದು ಒಯ್ದರು. ಬಾಲ ಅವರ ಕೆನ್ನೆಗೆ ಎರಡು ಬಾರಿಸಿತು. ಮಧ್ಯಾಹ್ನದ ಹೊತ್ತಿಗೆ ಕಣ್ಣು ತೆರೆದುಕೊಂಡೇ ಹೊರುತ್ತಿದ್ದರು.

ಆದರೂ ಅರ್ಧ ಮೀನು ಸತ್ತವು. ಹನಮವ್ವ ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಊರು ಅದಕ್ಕೇ ಹೆಚ್ಚು ಹೆದರಿತು.

ಮುಂದಿನ ವರ್ಷ ಕಳೆ ಮತ್ತೆ ಮೊಳೆತಾಗ ಡಬ್ಬಿಯ ಮೇಲಿನದನ್ನೆಲ್ಲ ಗುರುರಾಜರಿಂದ ಓದಿಸಿದಳು. ಕೆರೆಯ ಮೂರರಲ್ಲೊಂದು ಪಾಲಿಗಷ್ಟೇ ಹೊಡೆದು, ಸತ್ತ ಕಳೆ ಎಳೆದುಹಾಕಿ, ಹದಿನೈದು ದಿನ ಕಾದು ಮುಂದಿನ ಪಾಲಿಗೆ ಹೋದರು. ಒಂದು ಮೀನೂ ಬಾಯಿ ಬಿಡಲಿಲ್ಲ. ಆದರೂ ಗುರುರಾಜರಿಗೆ ಸಮಾಧಾನವಿಲ್ಲ. ದಿನಾ ಮುಂಜಾನೆ ಫೋನು.

"ಮೀನು ಹ್ಯಾಂಗ ಅವ, ಹನಮವ್ವಾ?"

ಒಂದು ದಿನ ಹಿಂದಿನಿಂದ ಅವರ ಹೆಂಡತಿ ವೃಂದಾ ಕೇಳಿದ್ದು ಫೋನಿನಲ್ಲಿ ಕೇಳಿಸಿತು: "ಯಾವ ಮೀನ್ರಿ ಅದು, ಮುಂಜಾನೆ ಮುಂಜಾನೆ?"

"ಮತ್ಸ್ಯಾವತಾರದ ವಿಚಾರ ಅದ. ನೀ ಚಹಾ ಮಾಡು," ಎಂದರು ಗುರುರಾಜರು.

ಹನಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.